ಮಿಸೌರಿ ಲೈಸೆನ್ಸ್ ಸಿಯಾಟಲ್‌ನಲ್ಲಿ ನಡೆಯುತ್ತಾ?

ಪ್ರಶ್ನೆ: ನಾನು ಮೈಸೂರಿನವಳು. ಅಮೆರಿಕದಲ್ಲೇ ಎಂಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್‌ನ ಸ್ನಾತಕೋತ್ತರ ಪದವಿ) ಮಾಡಿ, ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಎಲ್‌ಸಿಎಸ್‌ಡಬ್ಲ್ಯೂ (ಕೌನ್ಸೆಲಿಂಗ್ ಮಾಡಲು ಲೈಸೆನ್ಸ್ ಇರುವ ಸೋಷಿಯಲ್ ವರ್ಕರ್) ಆಗಿ ಸ್ವಂತ ಪ್ರಾಕ್ಟೀಸ್ ನಡೆಸುತ್ತಿದ್ದೇನೆ. ನಮ್ಮ ಯಜಮಾನರಿಗೆ ಸಿಯಾಟಲ್‌ನಲ್ಲಿ ಕೆಲಸ ಸಿಕ್ಕಿದೆ. ಬರುವ ಬೇಸಿಗೆಯಲ್ಲಿ ಮನೆ ಬದಲಾಯಿಸುತ್ತೇವೆ. ರಾಜ್ಯಗಳ ನಡುವೆ ಒಪ್ಪಂದ ಆಗಿದೆ, ಇನ್ನು ಒಂದೇ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತದೆ ಅಂತ ಜೊತೆಯವರು ಹೇಳುತ್ತಾರೆ. ನಿಜವಾ? ಇಲ್ಲಿನ ಕ್ಲೈಂಟ್‌ಗಳನ್ನು ಅಲ್ಲಿಂದ ವಿಡಿಯೋದಲ್ಲಿ ನೋಡಬಹುದಾ? ಒಬ್ಬ ಹುಡುಗಿ ಕಾಲೇಜಿಗೆಂದು ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ಗೆ ಹೋಗಿದ್ದಾಳೆ. ಇನ್ನೊಬ್ಬರು ಕೆಲಸದ ಮೇಲೆ ಕ್ಯಾಲಿಫೋರ್ನಿಯಾಗೆ ಹೋಗಿ ಬರುತ್ತಿರುತ್ತಾರೆ. ನಡುವೆ ನಾನು ಊರಿಗೆ ಬಂದು ಎರಡು ತಿಂಗಳು ಇರಬೇಕು ಅಂದುಕೊಂಡಿದ್ದೇನೆ. ಅಲ್ಲಿಂದ ಸೆಷನ್ ಮಾಡಬಹುದಾ? ಇನ್ನೊಂದು ವಿಷಯ. ನನ್ನ ತಂಗಿ ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆ. ಆ ಡಿಗ್ರಿಗೆ ಇಲ್ಲಿ ಮಾನ್ಯತೆ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಪ್ಪಂದ ಆಗಿರುವುದು ನಿಜ. ನೀವಿರುವ ಮಿಸೌರಿ, ನೀವು ಹೋಗಲಿರುವ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ ಎರಡೂ ಅದಕ್ಕೆ ಸೇರಿರುವುದೂ ನಿಜ. ಆದರೆ ಈಗ ನಿಮ್ಮ ಕೈಯಲ್ಲಿರುವ ಲೈಸೆನ್ಸ್ ಮಿಸೌರಿಗೆ ಮಾತ್ರ ಸೇರಿದ್ದು. ಅದನ್ನು ನಂಬಿಕೊಂಡು ಸಿಯಾಟಲ್‌ನಲ್ಲಿ ಒಬ್ಬೇ ಒಬ್ಬ ಕ್ಲೈಂಟನ್ನೂ ನೋಡುವಂತಿಲ್ಲ. ಒಪ್ಪಂದದ ಲೈಸೆನ್ಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ವಾಷಿಂಗ್ಟನ್‌ನ ಮಾಮೂಲಿ ಲೈಸೆನ್ಸ್‌ಗೆ ಈಗಲೇ ಅರ್ಜಿ ಹಾಕಿ. ಮಿಸೌರಿಯದ್ದನ್ನು ಕೈಬಿಡಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೈಸೂರಿನ ಆರ್‌ಟಿಒದಲ್ಲಿ ಒಮ್ಮೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದರೆ ಕಾಶ್ಮೀರದವರೆಗೂ ಗಾಡಿ ಓಡಿಸಬಹುದು. ಅಮೆರಿಕದಲ್ಲೂ ಡ್ರೈವಿಂಗ್‌ನ ಮಟ್ಟಿಗೆ ಹೀಗೇ. ಹಾಗಾಗಿ ವೃತ್ತಿಯ ಲೈಸೆನ್ಸೂ ಹಾಗೇ ಇರಬೇಕು ಅಂತ ನಮ್ಮವರು ಸಹಜವಾಗಿ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಯಾರು ಯಾವ ವೃತ್ತಿ ಮಾಡಬಹುದು ಅಂತ ತೀರ್ಮಾನಿಸುವುದು ಆಯಾ ರಾಜ್ಯ. 1889ರಲ್ಲೇ ಡೆಂಟ್ ಅನ್ನುವ ವೈದ್ಯರು ವೆಸ್ಟ್ ವರ್ಜೀನಿಯಾ ವಿರುದ್ಧ ಮೇಲ್ಮನವಿ ಹೋದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಈ ಅಧಿಕಾರವನ್ನು ಎತ್ತಿಹಿಡಿಯಿತು. ಸೋಷಿಯಲ್ ವರ್ಕರ್‌ಗಳ ವಿಷಯದಲ್ಲಿ ರಾಜ್ಯಗಳ ಪೈಕಿ ಮೊದಲು ನೋಂದಣಿ ಶುರುಮಾಡಿದ್ದು ಕ್ಯಾಲಿಫೋರ್ನಿಯಾ, 1945ರಲ್ಲಿ. ಇವತ್ತು 50 ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯ ಲೈಸೆನ್ಸ್ ಇದೆ. ಪ್ರತಿಯೊಂದೂ ತನ್ನದೇ ದಾರಿಯಲ್ಲಿ ಬೆಳೆದುಬಂದಿದ್ದರಿಂದ ಹೆಸರೂ ಬೇರೆ, ಲೆಕ್ಕವೂ ಬೇರೆ.

ನಿಮ್ಮೂರಿನಲ್ಲೇ ನೋಡಿ. ಕ್ಯಾನ್ಸಸ್ ಸಿಟಿಯ ಸ್ಟೇಟ್ ಲೈನ್ ರೋಡ್ ನಿಮಗೆ ಗೊತ್ತೇ ಇದೆ. ಈಚೆ ಬದಿ ಮಿಸೌರಿ, ಆಚೆ ಬದಿ ಕ್ಯಾನ್ಸಸ್. ಈಚೆ ನೀವು ಎಲ್‌ಸಿಎಸ್‌ಡಬ್ಲ್ಯೂ. ರಸ್ತೆ ದಾಟಿದರೆ ಅದೇ ಕೆಲಸ ಮಾಡುವವರ ಹೆಸರು ಎಲ್‌ಎಸ್‌ಸಿಎಸ್‌ಡಬ್ಲ್ಯೂ. ಸಿಯಾಟಲ್‌ಗೆ ಹೋದರೆ ಎಲ್‌ಐಸಿಎಸ್‌ಡಬ್ಲ್ಯೂ. ಮೇರಿಲ್ಯಾಂಡ್‌ನಲ್ಲಿ ಎಲ್‌ಸಿಎಸ್‌ಡಬ್ಲ್ಯೂ-ಸಿ. ಹೆಸರು ಹೋಗಲಿ, ತರಬೇತಿಯ ಲೆಕ್ಕವೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ 104 ವಾರಗಳಿಗೆ ಕಡಿಮೆಯಿಲ್ಲದಂತೆ 3000 ಗಂಟೆಗಳ ಸೂಪರ್‌ವಿಷನ್ ಅನುಭವ, ಅಂದರೆ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ, ಕೇಳುತ್ತದೆ. ನ್ಯೂಯಾರ್ಕ್ ಕ್ಲೈಂಟ್ ಎದುರು ಕಳೆದ ಗಂಟೆಗಳನ್ನಷ್ಟೇ ಎಣಿಸುತ್ತದೆ. ಅದು 2000 ಗಂಟೆ ಇರಬೇಕು, ಕಡಿಮೆ ಎಂದರೂ ಮೂರು ವರ್ಷಗಳಲ್ಲಿ ಹರಡಿರಬೇಕು. ಕೆಲಸ ಒಂದೇ, ನೋವು ತೋಡಿಕೊಳ್ಳುವ ಜನರೂ ಒಂದೇ. ಲೆಕ್ಕ ಹಾಕುವ ರೀತಿ ಮಾತ್ರ ಬೇರೆ. ಎಷ್ಟೋ ಒಳ್ಳೆಯ ಕೆಲಸಗಾರರು ಗಂಡನದೋ ಹೆಂಡತಿಯದೋ ಕೆಲಸದ ಹಿಂದೆ ಊರು ಬದಲಿಸಿ, ತಿಂಗಳುಗಟ್ಟಲೆ ಕಾಗದಪತ್ರಕ್ಕಾಗಿ ಕಾಯುತ್ತಾ ಮನೆಯಲ್ಲಿ ಕೂರುವುದನ್ನು ನೋಡಿದ್ದೇನೆ. ಅದೇ ಊರಿನಲ್ಲಿ ಕೌನ್ಸೆಲಿಂಗ್‌ಗೆ ಜನ ಸರದಿಯಲ್ಲಿ ಕಾಯುತ್ತಿರುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಈ ಗೋಜಲು ಬಿಡಿಸಲೆಂದೇ ಬಂದದ್ದು ನಿಮ್ಮ ಜೊತೆಯವರು ಹೇಳುತ್ತಿರುವ ಸೋಷಿಯಲ್ ವರ್ಕ್ ಲೈಸೆನ್ಶರ್ ಕಾಂಪ್ಯಾಕ್ಟ್. ನರ್ಸ್‌ಗಳಿಗೆ ಇಂಥದ್ದೊಂದು 2000ದಿಂದಲೇ ಇದೆ. ಸೋಷಿಯಲ್ ವರ್ಕರ್‌ಗಳ ಒಪ್ಪಂದದ ಕರಡು ಸಿದ್ಧವಾಗಿದ್ದು 2023ರಲ್ಲಿ. ಅದನ್ನು ಮೊಟ್ಟಮೊದಲು ಕಾನೂನು ಮಾಡಿಕೊಂಡ ರಾಜ್ಯ ನಿಮ್ಮ ಮಿಸೌರಿಯೇ, ಅದೇ ವರ್ಷದ ಜುಲೈನಲ್ಲಿ. ಏಳು ರಾಜ್ಯಗಳು ಸೇರಿದರೆ ಒಪ್ಪಂದ ಜೀವ ಪಡೆಯುತ್ತದೆ ಅಂತ ಕರಡಿನಲ್ಲೇ ಇತ್ತು. ಸೌತ್ ಡಕೋಟಾ, ವಾಷಿಂಗ್ಟನ್, ಯೂಟಾ, ವರ್ಜೀನಿಯಾ, ಕೆಂಟಕಿ, ಕ್ಯಾನ್ಸಸ್ ಸೇರಿ 2024ರ ಏಪ್ರಿಲ್‌ಗೆ ಏಳು ಭರ್ತಿಯಾಯಿತು. ಸೆಪ್ಟೆಂಬರ್‌ನಲ್ಲಿ ಸದಸ್ಯ ರಾಜ್ಯಗಳ ಆಯೋಗ ಮೊದಲ ಸಭೆ ನಡೆಸಿತು. 2025ರ ಹೊತ್ತಿಗೆ ಎರಡು ಡಜನ್‌ಗಿಂತ ಜಾಸ್ತಿ ರಾಜ್ಯಗಳು ಸೇರಿದ್ದವು.

ಜನ ಎಡವುವುದು ಇಲ್ಲೇ. ರಾಜ್ಯ ಕಾನೂನು ಪಾಸು ಮಾಡಿತು ಅಂದರೆ ಲೈಸೆನ್ಸ್ ಬಂತು ಅಂತಲ್ಲ. ಆಯೋಗ ನಿಯಮ ಬರೆಯಬೇಕು. ಲೈಸೆನ್ಸ್ ಕೊಡುವ ರಾಜ್ಯಗಳ ಬೋರ್ಡ್‌ಗಳೆಲ್ಲ ಒಂದೇ ಡೇಟಾ ವ್ಯವಸ್ಥೆಗೆ ಸೇರಬೇಕು. ಎಫ್‌ಬಿಐ ಬೆರಳಚ್ಚು ಪರಿಶೀಲನೆಗೆ ಪ್ರತಿ ರಾಜ್ಯವೂ ಏರ್ಪಾಡು ಮಾಡಿಕೊಳ್ಳಬೇಕು. ಇದಕ್ಕೆಲ್ಲ ಒಂದರಿಂದ ಎರಡು ವರ್ಷ ಹಿಡಿಯುತ್ತದೆ ಅಂತ ಒಪ್ಪಂದ ಜಾರಿಯಾದಾಗಲೇ ಹೇಳಿದ್ದರು. ಆದ್ದರಿಂದ ಒಪ್ಪಂದದ ನಕ್ಷೆಯಲ್ಲಿ ರಾಜ್ಯಕ್ಕೆ ಬಣ್ಣ ಬಳಿದಿದ್ದನ್ನು ನೋಡಿ ಕ್ಲೈಂಟ್‌ಗೆ ಅಪಾಯಿಂಟ್‌ಮೆಂಟ್ ಕೊಡಬೇಡಿ. ಮಲ್ಟಿಸ್ಟೇಟ್ (ಸದಸ್ಯ ರಾಜ್ಯಗಳಲ್ಲೆಲ್ಲ ನಡೆಯುವಂಥದ್ದು) ಅಂತ ಸ್ಪಷ್ಟವಾಗಿ ಬರೆದ ಲೈಸೆನ್ಸ್ ನಿಮ್ಮ ಹೆಸರಿನಲ್ಲಿ ಬಂದ ಮೇಲಷ್ಟೇ ಅದು ನಿಮ್ಮದು. ಈಗಿರುವ ಲೈಸೆನ್ಸ್ ತಾನಾಗಿಯೇ ಮಲ್ಟಿಸ್ಟೇಟ್ ಆಗಿಬಿಡುವುದಿಲ್ಲ. ಬೇರೆ ಅರ್ಜಿ ಹಾಕಬೇಕು, ಬೇರೆ ಶುಲ್ಕ ಕಟ್ಟಬೇಕು.

ಕ್ಲಿನಿಕಲ್ ವರ್ಗದಲ್ಲಿ, ಅಂದರೆ ನಿಮ್ಮ ಹಾಗೆ ಚಿಕಿತ್ಸೆ ಕೊಡುವವರ ವರ್ಗದಲ್ಲಿ, ಅರ್ಜಿ ಹಾಕುವವರಿಗೆ ಏನೇನಿರಬೇಕು ಅಂದರೆ: ತವರು ರಾಜ್ಯದಲ್ಲಿ ಯಾವ ಶಿಸ್ತುಕ್ರಮವೂ ಇಲ್ಲದ ಲೈಸೆನ್ಸ್, ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯೂ, ಎಎಸ್‌ಡಬ್ಲ್ಯೂಬಿಯ (ಸೋಷಿಯಲ್ ವರ್ಕ್ ಬೋರ್ಡ್‌ಗಳ ಒಕ್ಕೂಟ) ರಾಷ್ಟ್ರೀಯ ಪರೀಕ್ಷೆಯಲ್ಲಿ ಪಾಸು, ಮಾಸ್ಟರ್ಸ್ ಆದ ಮೇಲೆ 3000 ಗಂಟೆ ಅಥವಾ ಎರಡು ವರ್ಷ ಪೂರ್ಣಾವಧಿಯ ಸೂಪರ್‌ವಿಷನ್, ಜೊತೆಗೆ ಬೆರಳಚ್ಚು. ನಿಮ್ಮ ವಿವರ ನೋಡಿದರೆ ಇದೆಲ್ಲ ನಿಮ್ಮಲ್ಲಿದೆ ಅನಿಸುತ್ತದೆ.

ಒಂದು ಸೂಕ್ಷ್ಮ ಮಾತ್ರ ಚೆನ್ನಾಗಿ ನೆನಪಿಡಿ. ಮಲ್ಟಿಸ್ಟೇಟ್ ಲೈಸೆನ್ಸ್ ಕೊಡುವುದು ನೀವು ನಿಜವಾಗಿ ವಾಸವಿರುವ ರಾಜ್ಯ. ಒಪ್ಪಂದ ಅದನ್ನೇ ತವರು ರಾಜ್ಯ ಅನ್ನುತ್ತದೆ. ಲೈಸೆನ್ಸ್ ಮೊದಲು ಎಲ್ಲಿ ಪಡೆದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಸಿಯಾಟಲ್‌ನಲ್ಲಿ ಮನೆ ಮಾಡಿ, ಅಲ್ಲೇ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡ ಮೇಲೆ ನಿಮ್ಮ ತವರು ವಾಷಿಂಗ್ಟನ್. ಆಗ ಮಿಸೌರಿಯ ವಿಳಾಸ ಕೊಟ್ಟು ಮಲ್ಟಿಸ್ಟೇಟ್ ಕೇಳಿದರೆ ಅದು ಸುಳ್ಳು ಮಾಹಿತಿಯಾಗುತ್ತದೆ. ಒಂದುವೇಳೆ ಹೊರಡುವ ಮೊದಲೇ ಮಿಸೌರಿಯಿಂದ ಮಲ್ಟಿಸ್ಟೇಟ್ ಸಿಕ್ಕಿದ್ದರೂ, ಮನೆ ಬದಲಾದ ಮೇಲೆ ಅದನ್ನು ವಾಷಿಂಗ್ಟನ್ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಪರೀಕ್ಷೆ ಮತ್ತೆ ಬರೆಯುವ ಅಗತ್ಯವಿಲ್ಲ. ಎರಡೂ ಸದಸ್ಯ ರಾಜ್ಯಗಳಾದ್ದರಿಂದ ಕೆಲಸ ಸಲೀಸು. ಒಪ್ಪಂದಕ್ಕೆ ಸೇರದ ರಾಜ್ಯಕ್ಕೆ ಮನೆ ಬದಲಾಯಿಸಿದವರ ಮಲ್ಟಿಸ್ಟೇಟ್ ಲೈಸೆನ್ಸ್ ಮತ್ತೆ ಒಂದೇ ರಾಜ್ಯದ ಲೈಸೆನ್ಸ್ ಆಗಿಬಿಡುತ್ತದೆ.

ಇದನ್ನು ಓದುವವರಲ್ಲಿ ಸೇನೆಯಲ್ಲಿರುವವರ ಮನೆಯವರು ಇದ್ದರೆ ಅವರಿಗೊಂದು ಮಾತು. 2023ರ ಜನವರಿಯಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಸೇನೆಯ ಆದೇಶದ ಮೇಲೆ ಊರು ಬದಲಿಸುವ ಯೋಧರು ಮತ್ತು ಅವರ ಪತಿ ಅಥವಾ ಪತ್ನಿ ತಮ್ಮ ವೃತ್ತಿ ಲೈಸೆನ್ಸ್ ಜೊತೆಗೇ ಒಯ್ಯಬಹುದು. ಅದಕ್ಕೂ ಷರತ್ತುಗಳಿವೆ. ನಿಮಗೆ ಅದು ಅನ್ವಯಿಸುವುದಿಲ್ಲ.

ಈಗ ವಾಷಿಂಗ್ಟನ್ ಅರ್ಜಿಗೆ ಬರೋಣ. ಅಲ್ಲಿ ಲೈಸೆನ್ಸ್ ಕೊಡುವುದು ರಾಜ್ಯದ ಆರೋಗ್ಯ ಇಲಾಖೆ. ಬೇರೆ ರಾಜ್ಯದಲ್ಲಿ ಈಗಾಗಲೇ ಲೈಸೆನ್ಸ್ ಇರುವವರಿಗೆ ಬೇರೆ ದಾರಿಯೇ ಇದೆ. ಎಎಸ್‌ಡಬ್ಲ್ಯೂಬಿ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಗಿಲ್ಲ. ನಿಮ್ಮ ಅಂಕವನ್ನು ಎಎಸ್‌ಡಬ್ಲ್ಯೂಬಿಯಿಂದಲೇ ನೇರವಾಗಿ ಅಲ್ಲಿಗೆ ಕಳಿಸಲು ಕೋರಿಕೆ ಸಲ್ಲಿಸಬೇಕು. ನಿಮ್ಮ ಲೈಸೆನ್ಸ್ ಸರಿಯಾಗಿದೆ, ದೂರುಗಳಿಲ್ಲ ಅಂತ ಮಿಸೌರಿ ಬೋರ್ಡ್ ದೃಢೀಕರಣ ಕಳಿಸಬೇಕು. ವಿಶ್ವವಿದ್ಯಾಲಯ ಅಂಕಪಟ್ಟಿ ಕಳಿಸಬೇಕು. ಇವು ಯಾವುದನ್ನೂ ನೀವೇ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಚೇರಿಯಿಂದ ಕಚೇರಿಗೆ ಹೋಗಬೇಕು. ತಡವಾಗುವುದೂ ಅಲ್ಲೇ.

ವಾಷಿಂಗ್ಟನ್‌ನಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. 2012ರಲ್ಲಿ ಆತ್ಮಹತ್ಯೆ ತಡೆಯ ತರಬೇತಿಯನ್ನು ಮನೋಆರೋಗ್ಯ ಕ್ಷೇತ್ರದವರಿಗೆ ಕಡ್ಡಾಯ ಮಾಡಿದ ಮೊದಲ ರಾಜ್ಯ ಅದು. ಸೋಷಿಯಲ್ ವರ್ಕರ್‌ಗಳಿಗೆ ಆರು ವರ್ಷಕ್ಕೊಮ್ಮೆ ಆರು ಗಂಟೆಯ ತರಬೇತಿ. 2024ರಿಂದ ಆರೋಗ್ಯ ಸಮಾನತೆಯ ಬಗ್ಗೆ ನಾಲ್ಕು ವರ್ಷಕ್ಕೊಮ್ಮೆ ಎರಡು ಗಂಟೆಯ ಪಾಠವೂ ಇದೆ. ಕೋರ್ಸ್ ಸೇರುವ ಮುಂಚೆ ಅದನ್ನು ಆ ಇಲಾಖೆ ಒಪ್ಪುತ್ತದೆಯಾ ನೋಡಿಕೊಳ್ಳಿ. ಸುಮ್ನೆ ಎಲ್ಲೋ ಸಿಕ್ಕ ಆನ್‌ಲೈನ್ ಕೋರ್ಸ್‌ಗೆ ದುಡ್ಡು ಹಾಕಬೇಡಿ.

ಅರ್ಜಿಗಿಂತ ಮೊದಲು ಇನ್ನೊಂದು ಕೆಲಸ ಮಾಡಿ. ನಿಮ್ಮ ಹಳೆಯ ಸೂಪರ್‌ವೈಸರ್ ಯಾರು, ಈಗ ಎಲ್ಲಿದ್ದಾರೆ ಅಂತ ಪತ್ತೆ ಮಾಡಿ. ಹೊಸ ರಾಜ್ಯ ನಿಮ್ಮ ಸೂಪರ್‌ವಿಷನ್ ಗಂಟೆಗಳ ವಿವರ ಕೇಳಿದರೆ, ತನ್ನದೇ ಫಾರಂ ಕೊಟ್ಟು ಅವರ ಸಹಿ ಕೇಳಬಹುದು. ಎಷ್ಟೋ ವರ್ಷದ ಹಿಂದಿನ ಸೂಪರ್‌ವೈಸರ್ ನಿವೃತ್ತರಾಗಿರುತ್ತಾರೆ, ಊರು ಬಿಟ್ಟಿರುತ್ತಾರೆ, ಕೆಲವೊಮ್ಮೆ ತೀರಿಹೋಗಿರುತ್ತಾರೆ. ಕೆಲಸ ಮಾಡಿದ ಏಜೆನ್ಸಿಯೇ ಮುಚ್ಚಿರುತ್ತದೆ. ಆಗ ಕೈ ಹಿಡಿಯುವುದು ನೀವು ಮಿಸೌರಿ ಬೋರ್ಡ್‌ಗೆ ಅಂದು ಸಲ್ಲಿಸಿದ ಸೂಪರ್‌ವಿಷನ್ ಫಾರಂಗಳ ಪ್ರತಿ. ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ಬೋರ್ಡ್‌ಗೆ ಬರೆದು ತರಿಸಿಕೊಳ್ಳಿ. ವಾರಕ್ಕೆ ಎಷ್ಟು ಗಂಟೆ, ಒಬ್ಬರೇ ಇದ್ದಿರಾ ಗುಂಪಿನಲ್ಲಿದ್ದಿರಾ, ಸೂಪರ್‌ವೈಸರ್‌ನ ಲೈಸೆನ್ಸ್ ನಂಬರ್ ಏನು, ಇಷ್ಟೂ ಅದರಲ್ಲಿ ಕಾಣಬೇಕು. ಈಗ ಸೂಪರ್‌ವಿಷನ್‌ನಲ್ಲಿರುವ ಕಿರಿಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಪ್ರತಿ ಮೂರು ತಿಂಗಳಿಗೊಮ್ಮೆ ಸಹಿ ಹಾಕಿಸಿಕೊಂಡು ಫೈಲಿನಲ್ಲಿಡಿ.

ನಿಮ್ಮ ಪ್ರಶ್ನೆಯ ನಿಜವಾದ ತೊಡಕು ಕ್ಲೈಂಟ್‌ಗಳ ವಿಷಯದಲ್ಲಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಸೆಷನ್ ನಡೆಯುವ ಹೊತ್ತಿಗೆ ಕ್ಲೈಂಟ್ ಎಲ್ಲಿ ಕೂತಿದ್ದಾರೆ ಅನ್ನುವುದು. ಆ ನೆಲದ ಲೈಸೆನ್ಸ್ ನಿಮಗೆ ಬೇಕು. ಕ್ಲೈಂಟ್‌ನ ಕಾಯಂ ವಿಳಾಸ ಯಾವುದು, ಮೊದಲ ಭೇಟಿ ಎಲ್ಲಾಯಿತು, ಇನ್ಶೂರೆನ್ಸ್ ಯಾವ ರಾಜ್ಯದ್ದು ಅನ್ನುವುದೆಲ್ಲ ಆಮೇಲಿನ ಮಾತು. ಕೋವಿಡ್ ಕಾಲದಲ್ಲಿ ಬಹಳಷ್ಟು ರಾಜ್ಯಗಳು ಈ ನಿಯಮ ಸಡಿಲಿಸಿದ್ದವು. ಆಗ ಅಭ್ಯಾಸವಾದದ್ದನ್ನೇ ಈಗಲೂ ಮುಂದುವರಿಸುತ್ತಿರುವವರು ಇದ್ದಾರೆ. ಆ ಸಡಿಲಿಕೆ ಮುಗಿದುಹೋಗಿದೆ.

ಮಿಸೌರಿಯಲ್ಲೇ ಉಳಿಯುವ ಕ್ಲೈಂಟ್‌ಗಳನ್ನು ನೀವು ಸಿಯಾಟಲ್‌ನಿಂದ ವಿಡಿಯೋದಲ್ಲಿ ನೋಡಬಹುದು, ಮಿಸೌರಿ ಲೈಸೆನ್ಸ್ ಜೀವಂತವಾಗಿರುವವರೆಗೆ. ಅದನ್ನು ನವೀಕರಿಸುತ್ತಾ ಹೋಗಿ, ಅಲ್ಲಿನ ಮುಂದುವರಿದ ಶಿಕ್ಷಣದ ಗಂಟೆಗಳನ್ನೂ ಪೂರೈಸಿ. ಆದರೆ ಕೆಲವು ರಾಜ್ಯಗಳು ಕೆಲಸ ಮಾಡುವವರು ಕೂತಿರುವ ಜಾಗವನ್ನೂ ತಮ್ಮ ವ್ಯಾಪ್ತಿಗೆ ತೆಗೆದುಕೊಳ್ಳುತ್ತವೆ. ಅದಕ್ಕೇ ವಾಷಿಂಗ್ಟನ್ ಲೈಸೆನ್ಸ್ ಮೊದಲು ಕೈಗೆ ಬರಲಿ, ಆಮೇಲೆ ಅಲ್ಲಿನ ಮನೆಯಿಂದ ಸೆಷನ್ ಶುರುಮಾಡಿ ಅಂತ ನಾನು ಒತ್ತಿ ಹೇಳುವುದು. ನಿಮ್ಮ ಕೆಲಸದ ಮೇಲೆ ಕೇಸು ಬಿದ್ದರೆ ನೆರವಾಗುವ ಲೈಯಬಿಲಿಟಿ ಇನ್ಶೂರೆನ್ಸ್ ಕಂಪನಿಗೆ ವಿಳಾಸ ಬದಲಾವಣೆ ಮತ್ತು ಎರಡು ರಾಜ್ಯಗಳ ಪ್ರಾಕ್ಟೀಸ್ ಎರಡನ್ನೂ ಬರೆದು ತಿಳಿಸಿ. ಲೈಸೆನ್ಸ್ ಇಲ್ಲದ ಕಡೆ ಮಾಡಿದ ಕೆಲಸಕ್ಕೆ ಏನಾದರೂ ಆದರೆ ಅವರು ಕೈ ಎತ್ತಿಬಿಡಬಹುದು. ಕ್ಲೈಂಟ್‌ಗಳ ಇನ್ಶೂರೆನ್ಸ್ ಪ್ಯಾನೆಲ್‌ಗಳನ್ನೂ ಒಂದೊಂದಾಗಿ ವಿಚಾರಿಸಬೇಕು. ಕೇಳದೆ ಬಿಲ್ ಹಾಕಿದರೆ ಕೊಟ್ಟ ದುಡ್ಡನ್ನು ವಾಪಸ್ ಕೇಳುವುದುಂಟು.

ಲಾರೆನ್ಸ್‌ಗೆ ಹೋದ ಹುಡುಗಿಯ ವಿಷಯ ಸ್ವಲ್ಪ ಕಷ್ಟದ್ದು. ಊರು ಹತ್ತಿರವೇ, ಮುಕ್ಕಾಲು ಗಂಟೆಯ ದಾರಿ. ಆದರೂ ಅದು ಕ್ಯಾನ್ಸಸ್. ಹಾಸ್ಟೆಲ್ ಕೋಣೆಯಲ್ಲಿ ಕೂತು ಅವಳು ವಿಡಿಯೋ ಹಚ್ಚಿದರೆ ನಿಮಗೆ ಕ್ಯಾನ್ಸಸ್ ಲೈಸೆನ್ಸ್ ಬೇಕು. ಅವಳು ವಾರಾಂತ್ಯಕ್ಕೆ ಮಿಸೌರಿಯ ಮನೆಗೆ ಬಂದಾಗ ಸೆಷನ್ ಇಟ್ಟುಕೊಂಡರೆ ತೊಂದರೆಯಿಲ್ಲ. ಅದು ಆಗದ ಮಾತಾದರೆ ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರಕ್ಕೆ ಅವಳನ್ನು ಸರಿಯಾಗಿ ದಾಟಿಸಿ. ಒಂದು ಇಮೇಲ್ ಹಾಕಿ ಕೈತೊಳೆದುಕೊಳ್ಳುವುದಲ್ಲ. ಅವಳ ಒಪ್ಪಿಗೆ ಪತ್ರ ಪಡೆದು, ಅಲ್ಲಿಯವರ ಜೊತೆ ನೀವೇ ಮಾತಾಡಿ, ಅಲ್ಲಿ ಮೊದಲ ಭೇಟಿ ಆಗುವವರೆಗೆ ವಿಚಾರಿಸುತ್ತಿರಿ. ಹದಿನೆಂಟರ ಹುಡುಗಿ ಹೊಸ ಊರಿನಲ್ಲಿ ಒಬ್ಬಳೇ ಇರುವಾಗ ಮಧ್ಯದಲ್ಲಿ ಕೈಬಿಟ್ಟ ಹಾಗೆ ಅನಿಸಬಾರದು. ಕ್ಯಾನ್ಸಸ್ ಒಪ್ಪಂದದ ರಾಜ್ಯವಾದ್ದರಿಂದ ನಿಮಗೆ ಮಲ್ಟಿಸ್ಟೇಟ್ ಬಂದ ದಿನ ಈ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಕ್ಯಾಲಿಫೋರ್ನಿಯಾದ ಕಥೆ ಬೇರೆ. 2025ರ ಮಧ್ಯದವರೆಗೂ ಅದು ಒಪ್ಪಂದಕ್ಕೆ ಸೇರಿರಲಿಲ್ಲ, ನ್ಯೂಯಾರ್ಕ್ ಕೂಡ. ಪೂರ್ಣ ಲೈಸೆನ್ಸ್ ಬೇಕೆಂದರೆ ಅಲ್ಲಿನ ಕಾನೂನು ಮತ್ತು ನೀತಿಯ ಪರೀಕ್ಷೆಯನ್ನು ಬೇರೆಯಾಗಿ ಬರೆಯಬೇಕು. ಆದರೆ ನಿಮ್ಮ ಕ್ಲೈಂಟ್ ಅಲ್ಲಿಗೆ ಹೋಗಿ ಬರುವವರು. ಅಂಥವರಿಗಾಗಿ 2024ರ ಜನವರಿಯಲ್ಲಿ ಅಲ್ಲೊಂದು ಅನುಕೂಲ ಜಾರಿಗೆ ಬಂತು. ಈಗಲೂ ಇದೆಯಾ ಅಂತ ಅಲ್ಲಿನ ಬೋರ್ಡ್‌ನಲ್ಲಿ ಕೇಳಿ ನೋಡಿ. ಈಗಾಗಲೇ ನಿಮ್ಮ ಕ್ಲೈಂಟ್ ಆಗಿರುವವರು ಕ್ಯಾಲಿಫೋರ್ನಿಯಾಗೆ ಬಂದಾಗ, ಬೋರ್ಡ್‌ಗೆ ಮೊದಲೇ ಮಾಹಿತಿ ಕೊಟ್ಟು, ವರ್ಷದಲ್ಲಿ ಸತತ 30 ದಿನಗಳ ಮಟ್ಟಿಗೆ ಚಿಕಿತ್ಸೆ ಮುಂದುವರಿಸಬಹುದು. ಸತತ ಅನ್ನುವುದನ್ನು ಗಮನಿಸಿ. ತಿಂಗಳಿಗೆ ಮೂರು ದಿನ ಹೋಗಿ ಬರುವವರಿಗೆ ಅದು ಹೊಂದುವುದಿಲ್ಲ. ಅವರ ಸೆಷನ್‌ಗಳನ್ನು ಮಿಸೌರಿಯಲ್ಲಿರುವ ದಿನಗಳಿಗೆ ಹಾಕಿಕೊಳ್ಳುವುದೇ ಸುಲಭ. ಫ್ಲಾರಿಡಾ ಇನ್ನೊಂದು ದಾರಿ ಹಿಡಿದಿದೆ. ಹೊರರಾಜ್ಯದವರು ಟೆಲಿಹೆಲ್ತ್‌ಗೆಂದೇ (ದೂರದಿಂದ ವಿಡಿಯೋದಲ್ಲಿ ಕೊಡುವ ಚಿಕಿತ್ಸೆ) ಅಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು, 2019ರಿಂದ. ಹೀಗೆ ಒಂದೊಂದು ರಾಜ್ಯದ್ದು ಒಂದೊಂದು ಕಿಟಕಿ.

ಇಷ್ಟೆಲ್ಲ ಗಡಿ ಯಾಕೆ, ಮಾತಾಡುವುದು ತಾನೇ ಅನಿಸಬಹುದು. ಕಾಗದಪತ್ರದ ಕಾಟ ಜಾಸ್ತಿಯಾಗಿದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಗಡಿ ದಾಟಿದಾಗ ಕಾನೂನು ನಿಜವಾಗಿಯೂ ಬದಲಾಗುತ್ತದೆ, ಅದೂ ಕ್ಲೈಂಟ್‌ನ ಬದುಕಿಗೆ ತಟ್ಟುವ ಹಾಗೆ. 14 ವರ್ಷದ ಹುಡುಗನೊಬ್ಬ ನಿಮ್ಮ ಹತ್ತಿರ ಬಂದ ಅಂತಿಟ್ಟುಕೊಳ್ಳಿ. ಮಿಸೌರಿಯಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ನೀವು ಕೌನ್ಸೆಲಿಂಗ್ ಶುರುಮಾಡುವಂತಿಲ್ಲ. ವಾಷಿಂಗ್ಟನ್‌ನಲ್ಲಿ 13 ತುಂಬಿದವರು ತಾವೇ ಒಪ್ಪಿಗೆ ಕೊಟ್ಟು ಚಿಕಿತ್ಸೆ ಪಡೆಯಬಹುದು. ಅಲ್ಲಿ ಅಮ್ಮ ಫೋನ್ ಮಾಡಿ ಮಗ ಏನು ಹೇಳಿದ ಅಂತ ಕೇಳಿದರೆ, ಮಿಸೌರಿಯ ರೂಢಿಯಲ್ಲೇ ಉತ್ತರ ಕೊಟ್ಟುಬಿಟ್ಟರೆ ತಪ್ಪಾಗಬಹುದು. ನಮ್ಮ ಕನ್ನಡದ ಮನೆಗಳಲ್ಲಂತೂ ತಂದೆತಾಯಿಗೆ ಇದನ್ನು ಅರಗಿಸಿಕೊಳ್ಳುವುದು ಬಹಳ ಕಷ್ಟ. ಮೊದಲ ಭೇಟಿಯಲ್ಲೇ ಅಪ್ಪ ಅಮ್ಮ ಮಗ ಮೂವರನ್ನೂ ಕೂರಿಸಿಕೊಂಡು, ಯಾವುದನ್ನು ಹೇಳುತ್ತೇನೆ, ಯಾವುದನ್ನು ಹೇಳುವುದಿಲ್ಲ ಅಂತ ಮಾತಾಡಿಕೊಂಡುಬಿಡಿ.

ಅಪಾಯದ ಮಾತು ಬಂದಾಗಲೂ ಹಾಗೇ. ಕ್ಲೈಂಟ್ ಯಾರಿಗಾದರೂ ಹಾನಿ ಮಾಡುವ ಸೂಚನೆ ಕೊಟ್ಟರೆ ನೀವೇನು ಮಾಡಬೇಕು? 1976ರ ಟಾರಸಾಫ್ ತೀರ್ಪಿನಿಂದ ಕ್ಯಾಲಿಫೋರ್ನಿಯಾದಲ್ಲಿ ಗುರಿಯಾದವರನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲೆ ಬಂತು. ಟೆಕ್ಸಸ್‌ನ ಸುಪ್ರೀಂ ಕೋರ್ಟ್ 1999ರಲ್ಲಿ ಅಂಥ ಹೊಣೆಯನ್ನು ಒಪ್ಪಲಿಲ್ಲ. ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ 2016ರಲ್ಲಿ ಆ ಹೊಣೆಯನ್ನು ಇನ್ನಷ್ಟು ಹಿಗ್ಗಿಸಿತು. ಕ್ಲೈಂಟ್ ಹೆಸರು ಹಿಡಿದು ಬೆದರಿಸಿದವರಷ್ಟೇ ಅಲ್ಲ, ಅಪಾಯಕ್ಕೆ ಸಿಲುಕಬಹುದು ಅಂತ ಊಹಿಸಬಹುದಾದವರೂ ಅದರೊಳಗೆ ಬರುತ್ತಾರೆ. ಮಲ್ಟಿಸ್ಟೇಟ್ ಲೈಸೆನ್ಸ್ ಬಂದ ಮೇಲೂ ಈ ವ್ಯತ್ಯಾಸ ಹೋಗುವುದಿಲ್ಲ. ಕ್ಲೈಂಟ್ ಇರುವ ರಾಜ್ಯದ ಕಾನೂನಿಗೇ ನೀವು ತಲೆಬಾಗಬೇಕು. ತಪ್ಪಾದರೆ ಆ ರಾಜ್ಯ ತನ್ನಲ್ಲಿ ನೀವು ಕೆಲಸ ಮಾಡದಂತೆ ತಡೆಯಬಹುದು. ತವರು ರಾಜ್ಯ ನಿಮ್ಮ ಲೈಸೆನ್ಸ್‌ಗೆ ನಿರ್ಬಂಧ ಹಾಕಿದರೆ ಮಿಕ್ಕೆಲ್ಲ ರಾಜ್ಯಗಳಲ್ಲೂ ನಿಮ್ಮ ಅಧಿಕಾರ ಒಟ್ಟಿಗೇ ನಿಂತುಹೋಗುತ್ತದೆ. ಆದ್ದರಿಂದ ಹತ್ತಿಪ್ಪತ್ತು ರಾಜ್ಯಗಳ ಬಾಗಿಲು ತೆರೆಯಿತು ಅಂತ ಎಲ್ಲ ಕಡೆ ಕ್ಲೈಂಟ್ ತೆಗೆದುಕೊಳ್ಳಬೇಡಿ. ಎರಡೋ ಮೂರೋ ರಾಜ್ಯಗಳ ಕಾನೂನು ಚೆನ್ನಾಗಿ ಓದಿ, ಅಷ್ಟರಲ್ಲೇ ಇರಿ ಅನ್ನುವುದು ನನ್ನ ಅಭಿಪ್ರಾಯ.

ಪ್ರತಿ ವಿಡಿಯೋ ಸೆಷನ್ ಶುರುವಿನಲ್ಲೇ ಕೇಳಿ: "ಈಗ ಎಲ್ಲಿದ್ದೀರಿ? ವಿಳಾಸ ಹೇಳ್ತೀರಾ?" ಉತ್ತರವನ್ನು ಆ ದಿನದ ನೋಟ್‌ನಲ್ಲಿ ಬರೆಯಿರಿ. ಇದು ಬರೀ ಲೈಸೆನ್ಸ್‌ಗಾಗಿ ಅಲ್ಲ. ಸೆಷನ್ ನಡುವೆ ಕ್ಲೈಂಟ್ ಜೀವಕ್ಕೆ ಅಪಾಯ ತಂದುಕೊಂಡರೆ ನೀವು ತುರ್ತು ಸಹಾಯದ 911 ಒತ್ತಿದಾಗ ಆ ಕರೆ ಹೋಗುವುದು ಸಿಯಾಟಲ್‌ನ ತುರ್ತು ಕೇಂದ್ರಕ್ಕೆ, ಕ್ಯಾನ್ಸಸ್ ಸಿಟಿಗಲ್ಲ. ಹಾಗಾಗಿ ಪ್ರತಿಯೊಬ್ಬ ಕ್ಲೈಂಟ್‌ನ ಊರಿನ ಪೊಲೀಸ್ ಕಂಟ್ರೋಲ್ ರೂಮಿನ ಹತ್ತಂಕಿಯ ನಂಬರ್, ಹತ್ತಿರದ ಆಸ್ಪತ್ರೆ, ಮನೆಯವರೊಬ್ಬರ ಫೋನ್ ನಂಬರ್ ಫೈಲಿನ ಮೊದಲ ಪುಟದಲ್ಲೇ ಇರಲಿ. ಮನೆ ಬದಲಾಯಿಸುವ ಮುಂಚೆಯೇ ಈ ಪಟ್ಟಿ ಮುಗಿಸಿ.

ಊರಿಗೆ ಬಂದು ಎರಡು ತಿಂಗಳು ಇರುವಾಗ ಸೆಷನ್ ಬೇಡ ಅನ್ನುವುದು ನನ್ನ ಸಲಹೆ. ಕ್ಲೈಂಟ್ ಮಿಸೌರಿಯಲ್ಲಿದ್ದು, ನಿಮ್ಮ ಮಿಸೌರಿ ಲೈಸೆನ್ಸ್ ಸರಿಯಾಗಿದ್ದರೂ, ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಅಮೆರಿಕದ ಹೊರಗಿನಿಂದ ಕೊಟ್ಟ ಸೇವೆಗೆ ದುಡ್ಡು ಕೊಡುವುದಿಲ್ಲ. ಎಷ್ಟೋ ಖಾಸಗಿ ಪ್ಲಾನ್‌ಗಳೂ ಹಾಗೇ. ನಿಮ್ಮ ಲೈಯಬಿಲಿಟಿ ಪಾಲಿಸಿ ವಿದೇಶದಿಂದ ಮಾಡಿದ ಕೆಲಸಕ್ಕೆ ಅನ್ವಯವಾಗುತ್ತದೆ ಅಂತ ಬರವಣಿಗೆಯಲ್ಲಿ ಬಂದರೆ ಮಾತ್ರ, ಕೈಯಿಂದ ಫೀಸು ಕೊಡುವ ಕ್ಲೈಂಟ್‌ಗಳ ಬಗ್ಗೆ ಯೋಚಿಸಿ. ಮೈಸೂರಿನ ರಾತ್ರಿ ಹನ್ನೊಂದು ಗಂಟೆಗೆ, ಮನೆ ತುಂಬ ನೆಂಟರಿರುವಾಗ, ಪಕ್ಕದ ಕೋಣೆಗೆ ಕೇಳಿಸದ ಹಾಗೆ ಒಬ್ಬರ ಕಷ್ಟ ಕೇಳುವುದು ಹೇಗೆ ಅನ್ನುವುದನ್ನೂ ನೋಡಿಕೊಳ್ಳಿ. ರಜೆಗೆ ಮೊದಲೇ ಒಬ್ಬ ಸಹೋದ್ಯೋಗಿಗೆ ತುರ್ತಿನ ಜವಾಬ್ದಾರಿ ವಹಿಸಿ, ಕ್ಲೈಂಟ್‌ಗಳಿಗೆ ಅವರ ಪರಿಚಯ ಮಾಡಿಸಿ ಬನ್ನಿ.

ತಂಗಿಯ ವಿಷಯಕ್ಕೆ ಬರುವ ಮುಂಚೆ ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಳೂ ಒಂದು ದಿನ ಅದನ್ನು ಬರೆಯಬೇಕಾದವಳು. ಎಎಸ್‌ಡಬ್ಲ್ಯೂಬಿ 2022ರ ಆಗಸ್ಟ್‌ನಲ್ಲಿ ತನ್ನ ಫಲಿತಾಂಶಗಳನ್ನು ಬಿಡಿಸಿ ಪ್ರಕಟಿಸಿತು. 2018ರಿಂದ 2021ರವರೆಗೆ ಕ್ಲಿನಿಕಲ್ ಪರೀಕ್ಷೆಯನ್ನು ಮೊದಲ ಸಲ ಬರೆದ ಬಿಳಿಯರಲ್ಲಿ ಸುಮಾರು 84 ಶೇಕಡ ಜನ ಪಾಸಾದರೆ, ಕಪ್ಪು ಜನಾಂಗದವರಲ್ಲಿ ಪಾಸಾದವರು 45 ಶೇಕಡ. ಒಂದೇ ಬಗೆಯ ಕಾಲೇಜು ಓದಿ, ಒಂದೇ ಬಗೆಯ ತರಬೇತಿ ಮುಗಿಸಿದವರಲ್ಲಿ ಇಷ್ಟು ಅಂತರ ಇದ್ದರೆ, ಪರೀಕ್ಷೆ ಅಳೆಯುತ್ತಿರುವುದು ಕೆಲಸದ ಕೌಶಲವನ್ನೇನಾ ಅಂತ ಕೇಳಬೇಕಾಗುತ್ತದೆ. ಇಲಿನಾಯ್ ರಾಜ್ಯ ಎಲ್‌ಎಸ್‌ಡಬ್ಲ್ಯೂ (ಕ್ಲಿನಿಕಲ್‌ಗಿಂತ ಕೆಳಗಿನ ಲೈಸೆನ್ಸ್) ಮಟ್ಟದಲ್ಲಿ 2022ರಿಂದಲೇ ಪರೀಕ್ಷೆ ಕೈಬಿಟ್ಟಿತ್ತು. ಆದರೆ ಮಲ್ಟಿಸ್ಟೇಟ್ ಲೈಸೆನ್ಸ್‌ಗೆ ರಾಷ್ಟ್ರೀಯ ಪರೀಕ್ಷೆ ಬೇಕೇ ಬೇಕು ಅಂತ ಒಪ್ಪಂದ ಹೇಳುತ್ತದೆ. ಪರೀಕ್ಷೆ ಇರದಿದ್ದ ಕಾಲದಲ್ಲೇ ಲೈಸೆನ್ಸ್ ಪಡೆದ ಹಿರಿಯರಿಗೆ ವಿನಾಯಿತಿ ಉಂಟು. ಪರೀಕ್ಷೆ ಕೈಬಿಟ್ಟ ರಾಜ್ಯದ ಹೊಸಬರಿಗೆ ಆ ವಿನಾಯಿತಿ ದಕ್ಕುವುದಿಲ್ಲ. ಒಪ್ಪಂದ ಬೇಕು ಅನ್ನುವವಳು ನಾನು. ಆದರೂ ಈ ಒಂದು ಜಾಗದಲ್ಲಿ ಅದು ಅನ್ಯಾಯವನ್ನು ಗಟ್ಟಿ ಮಾಡುತ್ತಿದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ತಂಗಿಯ ಡಿಗ್ರಿ. ಭಾರತದಲ್ಲಿ ಸೋಷಿಯಲ್ ವರ್ಕರ್ ಆಗಿ ಕೆಲಸ ಮಾಡಲು ಇಲ್ಲಿನ ಥರದ ಲೈಸೆನ್ಸ್ ಇಲ್ಲ, ಹಾಗಾಗಿ ಅವಳು ತರಬಹುದಾದದ್ದು ಡಿಗ್ರಿ ಮಾತ್ರ. ಅಮೆರಿಕದಲ್ಲಿ ಸೋಷಿಯಲ್ ವರ್ಕ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಎಸ್‌ಡಬ್ಲ್ಯೂಇ. ವಿದೇಶದ ಡಿಗ್ರಿ ಇಲ್ಲಿನದಕ್ಕೆ ಸಮವೇ ಅಂತ ಪರಿಶೀಲಿಸಿ ಪತ್ರ ಕೊಡುವ ವಿಭಾಗವೂ ಅದರಲ್ಲಿದೆ. ಅನೇಕ ರಾಜ್ಯಗಳು ಆ ಪತ್ರವನ್ನು ಒಪ್ಪಿ ಪರೀಕ್ಷೆಗೆ ಕೂರಲು ಬಿಡುತ್ತವೆ. ಆದರೆ ಒಪ್ಪಂದದ ಪಠ್ಯ ಕೇಳುವುದು ಅಮೆರಿಕದಲ್ಲಿ ಮಾನ್ಯತೆ ಪಡೆದ ಮಂಡಳಿಯಿಂದ ಅಕ್ರೆಡಿಟೇಶನ್ ಇರುವ ಕೋರ್ಸನ್ನು. ಸಮಾನತೆಯ ಪತ್ರ ಅಕ್ರೆಡಿಟೇಶನ್ ಅಲ್ಲ. ಆದ್ದರಿಂದ ಮೈಸೂರಿನ ಎಂಎಸ್‌ಡಬ್ಲ್ಯೂ ಮೇಲೆ ಒಂದು ರಾಜ್ಯದ ಲೈಸೆನ್ಸ್ ಸಿಕ್ಕಿತು ಅಂದ ಮಾತ್ರಕ್ಕೆ ಮಲ್ಟಿಸ್ಟೇಟ್ ಕೂಡ ಸಿಗುತ್ತದೆ ಅಂತ ಅವಳು ಲೆಕ್ಕ ಹಾಕಬಾರದು. ಯಾವ ರಾಜ್ಯಕ್ಕೆ ಬರುತ್ತಾಳೋ ಆ ಬೋರ್ಡ್‌ನಿಂದ ಲಿಖಿತ ಉತ್ತರ ತರಿಸಿಕೊಳ್ಳಲಿ.

ಅವಳು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಸಮಾನತೆಯ ಪರಿಶೀಲನೆಯಲ್ಲಿ ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು ಫೀಲ್ಡ್‌ವರ್ಕ್ ವಿವರದಲ್ಲಿ. ನಮ್ಮ ಅಂಕಪಟ್ಟಿಯಲ್ಲಿ ಕ್ಷೇತ್ರಕಾರ್ಯ ಅಂತ ಒಂದು ಸಾಲು, ಎದುರಿಗೆ ಅಂಕ, ಅಷ್ಟೇ ಇರುತ್ತದೆ. ಎಷ್ಟು ಗಂಟೆ, ಯಾವ ಸಂಸ್ಥೆ, ಯಾರ ಮೇಲ್ವಿಚಾರಣೆ ಅನ್ನುವುದು ಎಲ್ಲೂ ಇರುವುದಿಲ್ಲ. ಓದು ಮುಗಿಯುವ ಮೊದಲೇ ಪ್ರತಿ ಸೆಮಿಸ್ಟರ್‌ನ ಫೀಲ್ಡ್‌ವರ್ಕ್ ಗಂಟೆಗಳನ್ನು ವಿಭಾಗದ ಮುಖ್ಯಸ್ಥರ ಸಹಿ ಮತ್ತು ಸೀಲಿನೊಂದಿಗೆ ಬರೆಸಿಕೊಳ್ಳಲಿ. ಆ ವರ್ಷದ ಸಿಲಬಸ್‌ನ ಇಂಗ್ಲಿಷ್ ಪ್ರತಿಗೂ ಸೀಲು ಹಾಕಿಸಲಿ. ಎರಡೆರಡು ಸೆಟ್ ಮಾಡಿಸಿದರೆ ಒಳ್ಳೆಯದು. ಒಂದು ಅವಳ ಹತ್ತಿರ ಇರಲಿ, ಇನ್ನೊಂದನ್ನು ನೀವು ಊರಿಗೆ ಹೋದಾಗ ಜೊತೆಗೆ ತನ್ನಿ.